ಮಾವ ತಪ್ಪೊಪ್ಪಿಕೊಂಡ ಮದುವೆ

‘ನನ್ನದು ತಪ್ಪಾಯಿತು’ ಎಂಬ ಮಾತು ನನ್ನ ಮಾವನ ಬಾಯಿಂದ ಮೊದಲ ಸಲ ಹೊರಬಿದ್ದಾಗ ನಾನು ಅವರ ಹಿಂದೆಯೇ ನಿಂತಿದ್ದೆ. ಕೈಯಲ್ಲಿ ಗಾಜರ್ ಹಲ್ವದ ಬಟ್ಟಲಿತ್ತು. ಆ ಬಟ್ಟಲು ನಮ್ಮದಲ್ಲ, ಹಲ್ವ ನಮಗಾಗಿ ಮಾಡಿದ್ದಲ್ಲ, ಮದುವೆಗೆ ನಮ್ಮನ್ನು ಯಾರೂ ಕರೆದೇ ಇರಲಿಲ್ಲ. ಅದೆಲ್ಲ ಆಗ ತಾನೇ ಗೊತ್ತಾಗಿತ್ತು.

ಮಾವ ಎಂದರೆ ನನ್ನ ಗಂಡನ ತಂದೆ. ಮೀಸೆ ಸರಿಯಾಗಿ ಮೂಡುವ ಮೊದಲೇ ಮೈಸೂರಿನಿಂದ ದಿಲ್ಲಿಗೆ ಬಂದು, ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರಾಗಿ ಸೇರಿ, ಅಧಿಕಾರಿಯಾಗಿ ನಿವೃತ್ತರಾದವರು. ಈಗ ನಾನೂ ಅಂಥದೇ ಒಂದು ಕಚೇರಿಯಲ್ಲಿದ್ದೇನೆ. ಲೋಧಿ ಕಾಲೋನಿಯಲ್ಲಿ ನನಗೆ ಸಿಕ್ಕಿರುವ ಹಳೆಯ ಸರ್ಕಾರಿ ಮನೆಯಲ್ಲಿ ಅತ್ತೆ, ಮಾವ, ನಾನು, ಗಂಡ, ಐದನೇ ಕ್ಲಾಸಿನ ಮಗಳು ಇಷ್ಟೂ ಜನ ಇದ್ದೇವೆ. ಗಂಡನ ಕೆಲಸ ಗುರುಗ್ರಾಮದಲ್ಲಿ.

ಮಾವ ಒಳ್ಳೆಯವರು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಡಿಕಾಕ್ಷನ್ ಇಳಿಸಿಟ್ಟಿರುತ್ತಾರೆ. ಚಳಿಗಾಲದಲ್ಲಿ ಅಂಗಳದ ಬಿಸಿಲಿಗೆ ಕುರ್ಚಿ ಹಾಕಿಕೊಂಡು ಮೊಮ್ಮಗಳಿಗೆ ಕಿತ್ತಳೆ ಬಿಡಿಸಿ, ನಾರು ತೆಗೆದು ತೆಗೆದು ಕೊಡುತ್ತಾರೆ. ಅವರ ಕಷ್ಟ ಒಂದೇ, ಅವರು ಯಾವತ್ತೂ ತಪ್ಪು ಮಾಡುತ್ತಿರಲಿಲ್ಲ. ಮೆಟ್ರೋದಲ್ಲಿ ಇಳಿಯುವ ಸ್ಟೇಷನ್ ದಾಟಿಹೋದರೆ, ‘ಸ್ವಲ್ಪ ನಡೀಬೇಕು ಅಂತಲೇ ಮುಂದೆ ಇಳಿದೆ’ ಎನ್ನುತ್ತಿದ್ದರು. ಒಮ್ಮೆ ಸಕ್ಕರೆ ಎಂದುಕೊಂಡು ಕಾಫಿಗೆ ಉಪ್ಪು ಹಾಕಿಕೊಂಡವರು, ನಾವೆಲ್ಲ ನೋಡುತ್ತಿದ್ದಂತೆ ‘ಗಂಟಲಿಗೆ ಒಳ್ಳೇದು’ ಎಂದು ಲೋಟ ಖಾಲಿ ಮಾಡಿದರು. ಮುಖದ ಒಂದು ಗೆರೆಯೂ ಅಲುಗಲಿಲ್ಲ. ಅತ್ತೆ ನನ್ನ ಕಿವಿಯಲ್ಲಿ, ‘ಇವರ ನಾಲಿಗೆಗೆ ಆ ಮಾತು ಹೊರಳಲ್ಲಮ್ಮ. ನಾನು ಕಾದು ಕಾದು ಬಿಟ್ಟೆ’ ಎಂದಿದ್ದರು.

ಹೀಗಿರುವಾಗ ಚಳಿಗಾಲದ ಒಂದು ಭಾನುವಾರ ಮಾವನ ಹಳೆಯ ಸಹೋದ್ಯೋಗಿಯ ಮೊಮ್ಮಗಳ ಮದುವೆ ಬಂತು. ಅವರು ಪಂಜಾಬಿ. ಮಾವನ ಜೊತೆ ವರ್ಷಗಟ್ಟಲೆ ಒಂದೇ ಕೋಣೆಯಲ್ಲಿ ಎದುರುಬದುರು ಮೇಜಿನಲ್ಲಿ ಕೂತವರು. ಈಗಿನ ಹೊಸ ರೂಢಿಯಂತೆ ಹಗಲಿನ ಮದುವೆ, ಗುರುಗ್ರಾಮದ ಹೊರಗೆ, ಸಾಲಾಗಿ ಮದುವೆಗೆ ಬಾಡಿಗೆ ಕೊಡುವ ತೋಟಗಳೇ ಇರುವ ರಸ್ತೆಯಲ್ಲಿ. ನನ್ನ ಗಂಡ ಆಫೀಸಿನ ಯಾವುದೋ ತುರ್ತು ಕೆಲಸಕ್ಕೆ ಬೆಳಿಗ್ಗೆಯೇ ಹೋಗಿದ್ದರಿಂದ ಅಲ್ಲಿಂದಲೇ ನೇರ ಬರುವುದೆಂದಾಯಿತು. ಉಳಿದ ನಾಲ್ವರು ಕ್ಯಾಬ್ ಹತ್ತಿದೆವು. ಅತ್ತೆ ಮೈಸೂರು ರೇಷ್ಮೆ ಸೀರೆ ಉಟ್ಟು, ಅದರ ಮೇಲೆ ಸ್ವೆಟರ್ ಹಾಕಿಕೊಂಡು, ಸ್ವೆಟರಿನಿಂದ ಸೀರೆಯ ಅಂದ ಕೆಟ್ಟಿತೆಂದು ದಾರಿಯುದ್ದಕ್ಕೂ ಕೊರಗಿದರು. ಉಡುಗೊರೆಗೆಂದು ಊರಿನಿಂದ ತರಿಸಿದ್ದ ಹಿತ್ತಾಳೆಯ ಜೋಡಿ ದೀಪ ನನ್ನ ತೊಡೆಯ ಮೇಲಿತ್ತು. ಎಷ್ಟು ಭಾರವಿತ್ತೆಂದರೆ ಕಾಲು ಜೋಮು ಹಿಡಿಯಿತು.

ತೋಟಗಳ ರಸ್ತೆಗೆ ತಿರುಗುತ್ತಿದ್ದಂತೆ ಮೊದಲ ಗೇಟಿನ ಮುಂದೆಯೇ ಚೆಂಡುಹೂವಿನ ಕಮಾನು, ಡೋಲು, ಕಾರುಗಳ ಸಾಲು ಕಂಡವು.

‘ಭಯ್ಯಾ, ಬಸ್, ಯಹೀಂ ರೋಕೋ’ ಎಂದು ಮಾವ ಕ್ಯಾಬ್ ನಿಲ್ಲಿಸಿದರು.

ನನ್ನ ಫೋನು ಹಿಡಿದಿದ್ದ ಮಗಳು ಹೇಳಿದಳು: ‘ತಾತ, ಮ್ಯಾಪ್‌ನಲ್ಲಿ ಇನ್ನೂ ಮುಂದೆ ಇದೆ. ಥೋಡಾ ಔರ್ ಆಗೇ.’

‘ಮ್ಯಾಪಿಗೇನು ಗೊತ್ತು ಪುಟ್ಟಿ. ಇಲ್ಲೆಲ್ಲ ಸಾಸಿವೆ ಹೊಲ ಇದ್ದಾಗಲೇ ನಾನು ಬಂದಿದ್ದೀನಿ.’

‘ಇನ್ವಿಟೇಷನ್ ಒಂದ್ಸಲ ನೋಡಿಬಿಡೋಣ ಮಾವ’ ಎಂದೆ. ಅದು ಅವರ ಫೋನಿಗೆ ವಿಡಿಯೋ ರೂಪದಲ್ಲಿ ಬಂದಿತ್ತು. ಆ ಫೋನು ಮನೆಯಲ್ಲಿ ಚಾರ್ಜಿಗೆ ಹಾಕಿದಲ್ಲೇ ಉಳಿದಿತ್ತು. ಹಾಗೆ ಉಳಿದದ್ದೂ ಮರೆವಲ್ಲವಂತೆ. ‘ಮದುವೆ ಮನೇಲಿ ಫೋನ್ ಯಾಕೆ, ಬೇಕು ಅಂತಲೇ ಬಿಟ್ಟು ಬಂದೆ’ ಎಂದರು.

ಗೇಟಿನಲ್ಲಿ ವಧೂವರರ ಹೆಸರಿರಲಿಲ್ಲ. ಎರಡು ಇಂಗ್ಲಿಷ್ ಅಕ್ಷರಗಳನ್ನು ಹೂವಿನಲ್ಲಿ ಒಂದರೊಳಗೊಂದು ಹೆಣೆದಿದ್ದರು. ಅದನ್ನು ಯಾವ ಅಕ್ಷರವೆಂದು ಓದಿದರೂ ಓದಬಹುದಿತ್ತು. ಮಾವ ತಮಗೆ ಬೇಕಾದಂತೆ ಓದಿದರು. ಕ್ಯಾಬು ಹೊರಟುಹೋಯಿತು.

ಒಳಗೆ ಕಾಲಿಡುತ್ತಲೇ ಹಣೆಗೆ ತಿಲಕವಿಟ್ಟರು, ಪನ್ನೀರು ಚಿಮುಕಿಸಿದರು. ಒಬ್ಬಾತ ಓಡಿಬಂದು ಮಾವನ ತಲೆಗೆ ಗುಲಾಬಿ ಬಣ್ಣದ ಪೇಟ ಸುತ್ತಿದ. ಕತ್ತಿನವರೆಗೆ ಗುಂಡಿಯ ಬಂದ್‌ಗಲಾ ಕೋಟು, ಕೊರಳಿಗೆ ಮಫ್ಲರು, ತಲೆಯ ಮೇಲೆ ಆ ಪೇಟ. ಮಾವ ಯಾವುದೋ ಸಂಸ್ಥಾನದ ದಿವಾನರಂತೆ ಕಾಣತೊಡಗಿದರು. ಅವರಿಗೂ ಹಾಗೇ ಅನ್ನಿಸಿರಬೇಕು, ನಡಿಗೆಯೇ ಬದಲಾಯಿತು. ನೇರ ವೇದಿಕೆಗೆ ಹೋಗಿ ವಧುವಿನ ತಲೆಯ ಮೇಲೆ ಕೈಯಿಟ್ಟು ಕನ್ನಡದಲ್ಲೇ ಹರಸಿದರು. ವರನ ಮುಖ ಹೂವಿನ ಮುಸುಕಿನೊಳಗಿತ್ತು, ಅವನನ್ನೂ ಹರಸಿದರು. ದೀಪದ ಪೆಟ್ಟಿಗೆಯನ್ನು ವಧುವಿನ ತಾಯಿ ಎರಡೂ ಕೈಯಲ್ಲಿ ತೆಗೆದುಕೊಂಡು, ಅದರ ಭಾರಕ್ಕೆ ಕುಸಿದು, ನಕ್ಕು ಕೆಳಗಿಟ್ಟರು.

‘ಬಾವೂಜಿ ಎಲ್ಲಿ?’ ಎಂದು ಮಾವ ಹಿಂದಿಯಲ್ಲಿ ಕೇಳಿದರು. ಹುಡುಗಿಯ ತಾತನನ್ನು ಕೇಳಿದ್ದು.

‘ಒಳಗೆ ವಿಶ್ರಾಂತಿ ತಗೊಳ್ತಿದ್ದಾರೆ, ಈಗ ಕರೆತರ್ತೀವಿ’ ಎಂದರು ಆಕೆ. ಎಲ್ಲ ಸರಿಯಾಗಿಯೇ ಇತ್ತು. ನಾವು ಚಾಟ್ ತಿಂದೆವು. ಮಗಳು ಎರಡು ಸಲ ಗೋಲ್ಗಪ್ಪೆ, ಅದೇ ನಮ್ಮ ಪಾನಿಪೂರಿ, ಮುಗಿಸಿ ಮತ್ತೆ ಸಾಲಿನಲ್ಲಿ ನಿಂತಳು.

ಅಷ್ಟರಲ್ಲಿ ಇಬ್ಬರು ಹಿಡಿದುಕೊಂಡು ಒಬ್ಬ ವೃದ್ಧರನ್ನು ಕರೆತಂದರು. ತೆಳ್ಳಗಿನ, ಗಿಡ್ಡನೆಯ, ಕಿವಿಗೆ ಯಂತ್ರ ಹಾಕಿಕೊಂಡ ಮನುಷ್ಯ. ‘ಬಾವೂಜಿ, ನಿಮ್ಮ ಮದ್ರಾಸಿ ದೋಸ್ತ್ ಬಂದಿದ್ದಾರೆ’ ಎಂದು ಯಾರೋ ಅವರ ಕಿವಿಯಲ್ಲಿ ಕೂಗಿದರು. ದಿಲ್ಲಿಯಲ್ಲಿ ನಾವು ಎಷ್ಟು ಕಾಲ ಇದ್ದರೂ ಮದ್ರಾಸಿಗಳೇ. ವೃದ್ಧರು ತಲೆಯೆತ್ತಿ ಮಾವನನ್ನು ನೋಡಿದರು. ಆಮೇಲೆ ಎರಡೂ ತೋಳು ಚಾಚಿ ತಬ್ಬಿಕೊಂಡರು. ಅವರ ಕಣ್ಣು ತುಂಬಿತು. ಮಾವನ ಕೈ ಹಿಡಿದುಕೊಂಡೇ ಸೋಫಾದಲ್ಲಿ ಕೂತುಬಿಟ್ಟರು.

ಅತ್ತೆ ನನ್ನ ಕಡೆ ವಾಲಿದರು. ‘ಇವರು ಅವರಲ್ಲ.’

ಮಾವನಿಗೆ ಕೇಳಿಸಿತು. ‘ವಯಸ್ಸಾದ ಮೇಲೆ ಮುಖ ಬದಲಾಗುತ್ತೆ ಕಣೇ.’

‘ಎತ್ತರವೂ ಬದಲಾಗುತ್ತೇನ್ರೀ? ಅವರು ನಮ್ಮ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬರ್ತಿದ್ದರು.’

‘ಬೆನ್ನು ಬಾಗಿದೆ’ ಎಂದರು ಮಾವ. ಆದರೆ ಆ ದನಿಯಲ್ಲಿ ಮೊದಲಿನ ಗಟ್ಟಿತನವಿರಲಿಲ್ಲ.

ಆಗ ನನಗೆ ಫೋನು ಬಂತು. ಗಂಡ. ‘ಎಲ್ಲಿದ್ದೀರಿ? ನಾನು ಬಂದು ಅರ್ಧ ಗಂಟೆ ಆಯ್ತು.’

‘ಮದುವೇಲಿ ಇದ್ದೀವಿ. ನೀವೆಲ್ಲಿ?’

‘ನಾನೂ ಮದುವೇಲೇ ಇದ್ದೀನಿ. ಸ್ಟೇಜ್ ಹತ್ತಿರ.’

‘ನಾವೂ ಸ್ಟೇಜ್ ಹತ್ತಿರಾನೇ. ಬಲಗಡೆ ನೋಡಿ.’

‘ಬಲಗಡೆ ಐಸ್‌ಕ್ರೀಮ್ ಇದೆ.’

‘ಇಲ್ಲಿ ಹಲ್ವ ಇದೆ’ ಎಂದೆ. ಆಮೇಲೆ ಅವರು ನಿಧಾನವಾಗಿ ಕೇಳಿದರು: ‘ಮದುಮಗನ ಶೇರ್ವಾನಿ ಯಾವ ಬಣ್ಣ?’

‘ಬಿಳಿ.’

‘ಇಲ್ಲಿ ಮೆರೂನ್.’

ನನಗೆ ಹೊಟ್ಟೆಯ ಆಳದಿಂದ ನಗು ಉಕ್ಕಿಬಂತು. ಸೆರಗು ಬಾಯಿಗೆ ತುರುಕಿಕೊಂಡೆ. ಅತ್ತೆಗೆ ಹೇಳಿದೆ, ಅವರ ಭುಜವೂ ಕುಲುಕತೊಡಗಿತು. ಮಗಳು ಗೋಲ್ಗಪ್ಪೆಯ ಬಾಯಲ್ಲೇ, ‘ಮತ್ಲಬ್ ನಾವು ಯಾರದೋ ಮದುವೆ ತಿಂದುಬಿಟ್ವಾ?’ ಎಂದಳು. ಅವಳ ಕನ್ನಡ ಹೀಗೇ, ಆದರೆ ಆ ದಿನ ಅದಕ್ಕಿಂತ ಸರಿಯಾಗಿ ಯಾರೂ ಹೇಳುವಂತಿರಲಿಲ್ಲ.

ಮಾವನನ್ನು ಸೋಫಾದಿಂದ ಪಕ್ಕಕ್ಕೆ ಕರೆದು ವಿಷಯ ತಿಳಿಸಿದೆವು. ಅವರು ಪೇಟ ಸರಿಮಾಡಿಕೊಂಡರು. ಬಾಯಿ ತೆರೆದರು. ಎಂದಿನಂತೆ ಒಂದು ಕಾರಣ ಹೊರಬರುತ್ತದೆಂದು ಕಾದೆವು. ಬರಲಿಲ್ಲ.

‘ಸುಮ್ಮನೆ ಹೊರಟುಬಿಡೋಣ’ ಎಂದರು ಅತ್ತೆ, ‘ಇಷ್ಟು ಜನದಲ್ಲಿ ಯಾರಿಗೆ ಗೊತ್ತಾಗುತ್ತೆ?’

ಮಾವ ಹಿಂತಿರುಗಿ ನೋಡಿದರು. ಆ ವೃದ್ಧರು ಪಕ್ಕದ ಜಾಗದಲ್ಲಿ ಬೇರೆ ಯಾರೂ ಕೂರದಂತೆ ಅಲ್ಲಿ ಕೈಯಿಟ್ಟುಕೊಂಡು ಇವರನ್ನೇ ಕಾಯುತ್ತಿದ್ದರು.

‘ಆ ಯಜಮಾನರು ನನ್ನ ಕೈ ಹಿಡ್ಕೊಂಡು ಅತ್ತರು ಕಣೇ. ಹಳೇ ಸ್ನೇಹಿತ ಸಿಕ್ಕಿದ ಅಂದ್ಕೊಂಡಿದ್ದಾರೆ. ಹೇಳದೆ ಹೋದರೆ ನಾಳೆ ಹುಡುಕ್ತಾರೆ.’

‘ನಾನು ಹೇಳಿಬರ್ತೀನಿ ಮಾವ’ ಎಂದೆ.

‘ಬೇಡಮ್ಮ. ಈ ಗೇಟು ತೋರಿಸಿದವನು ನಾನು.’

ಹೋಗಿ ಅವರ ಪಕ್ಕ ಕೂತರು. ನಾವು ಹಿಂದೆ ನಿಂತೆವು. ಡೀಜೆ ಎಷ್ಟು ಜೋರಾಗಿತ್ತೆಂದರೆ ಎದೆಯ ಗೂಡು ಅದುರುತ್ತಿತ್ತು. ಮಾವ ಬಾಗಿ ಮೆಲ್ಲಗೆ ಏನೋ ಹೇಳಿದರು. ವೃದ್ಧರು ಕಿವಿಗೆ ಕೈ ಹಿಡಿದು ‘ಆಂ?’ ಎಂದರು. ಮಾವ ಇನ್ನಷ್ಟು ಜೋರಾಗಿ ಹೇಳಿದರು. ಮತ್ತೆ ‘ಆಂ?’ ಮಾವ ಮಫ್ಲರು ಸಡಿಲಿಸಿ, ಉಸಿರೆಳೆದುಕೊಂಡು, ಶಕ್ತಿಯೆಲ್ಲ ಹಾಕಿ ಕೂಗಿದರು. ಸರಿಯಾಗಿ ಅದೇ ಗಳಿಗೆಯಲ್ಲಿ ಹಾಡು ಮುಗಿದು ಡೀಜೆ ನಿಂತಿತು.

‘ಮುಝ್ಸೇ ಗಲ್ತೀ ಹೋ ಗಯೀ. ಮೈಂ ಗಲತ್ ಶಾದೀ ಮೇಂ ಆ ಗಯಾ ಹೂಂ.’

ಇಡೀ ತೋಟಕ್ಕೆ ಕೇಳಿಸಿತು. ನನ್ನದು ತಪ್ಪಾಯಿತು, ತಪ್ಪು ಮದುವೆಗೆ ಬಂದಿದ್ದೇನೆ. ತಂದೂರಿನ ಮುಂದೆ ರೊಟ್ಟಿ ತಟ್ಟುತ್ತಿದ್ದವನ ಕೈ ಗಾಳಿಯಲ್ಲೇ ನಿಂತಿತು. ವಧು ತಿರುಗಿ ನೋಡಿದಳು. ವರ ಮುಖದ ಮೇಲಿನ ಹೂವನ್ನು ಸರಿಸಿ ನೋಡಿದ, ಪಾಪ, ಅವನಿಗೆ ತನ್ನ ಮನಸ್ಸಿನ ಮಾತನ್ನೇ ಆಡಿದರೇನೋ ಎನಿಸಿರಬೇಕು. ಮಾವ ಕಿವಿಯವರೆಗೂ ಕೆಂಪಾಗಿ, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು.

ಮೊದಲು ನಕ್ಕವರು ಆ ವೃದ್ಧರೇ. ಸದ್ದಿಲ್ಲದೆ ಶುರುವಾಗಿ, ಹೊಟ್ಟೆ ಹಿಡಿದುಕೊಳ್ಳುವಷ್ಟು ನಕ್ಕರು. ಆಮೇಲೆ, ಅವರೂ ಕೂಗಿಯೇ ಹೇಳಿದರು, ಕಿವಿ ಕೇಳದವರಿಗೆ ತಮ್ಮ ದನಿಯ ಅಳತೆ ತಿಳಿಯುವುದಿಲ್ಲವಲ್ಲ: ‘ತಬ್ಬಿಕೊಂಡಾಗಲೇ ನನಗೆ ಗೊತ್ತಾಯಿತು. ನನ್ನ ಮದ್ರಾಸಿ ಸಿಕ್ಕಾಪಟ್ಟೆ ದಪ್ಪ. ತಬ್ಬಿದರೆ ಕೈಗೆ ಕೈ ಸೇರುತ್ತಿರಲಿಲ್ಲ. ಇವತ್ತು ಸೇರಿತು. ಆದರೆ ಅಷ್ಟರಲ್ಲಿ ಕಣ್ಣಲ್ಲಿ ನೀರು ಬಂದುಬಿಟ್ಟಿತ್ತು. ಅತ್ತ ಮೇಲೆ ತಪ್ಪು ಅಂತ ಹೇಗೆ ಹೇಳಲಿ?’

ಮಾವನೂ ನಕ್ಕರು. ಅವರು ನಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ, ಆದರೆ ಹಾಗೆ ನಕ್ಕದ್ದನ್ನು ನೋಡಿರಲಿಲ್ಲ. ಪೇಟ ಜಾರಿ ಹುಬ್ಬಿನ ಮೇಲೆ ಬಂತು, ಅದನ್ನೂ ಸರಿಮಾಡಿಕೊಳ್ಳಲಿಲ್ಲ. ಅವರಿಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನಗುತ್ತಿದ್ದರೆ ಸುತ್ತಲಿದ್ದವರಿಗೂ ಹತ್ತಿಕೊಂಡಿತು. ವಧುವಿನ ತಂದೆ ಬಂದು ಕೈಮುಗಿದು, ಊಟ ಮಾಡದೆ ಬಿಡುವುದಿಲ್ಲವೆಂದು ದಾರಿಗೆ ಅಡ್ಡ ನಿಂತರು. ಯಾರೋ ಡೋಲಿನವರಿಗೆ ಕಣ್ಣುಸನ್ನೆ ಮಾಡಿದರು. ಡೋಲು ಶುರುವಾಯಿತು, ಹುಡುಗರು ಮಾವನನ್ನು ಎಳೆದುಕೊಂಡು ಹೋದರು. ಒಂದು ಕೈಯಲ್ಲಿ ಮಫ್ಲರು ಹಿಡಿದು, ಇನ್ನೊಂದು ಕೈ ಮೇಲೆತ್ತಿ, ಮಾವ ಕುಣಿದರು. ಬಲ್ಬು ತಿರುಗಿಸಿ ಹಾಕುತ್ತಿರುವ ಹಾಗೆ ಕಾಣುತ್ತಿತ್ತು. ಅತ್ತೆ ಸ್ವೆಟರು ತೆಗೆದು ನನ್ನ ಕೈಗೆ ಕೊಟ್ಟು, ಸೀರೆಯ ಅಂದ ಎಲ್ಲರಿಗೂ ಕಾಣುವಂತೆ ಒಂದು ಸುತ್ತು ತಾವೂ ಹಾಕಿ ಬಂದರು.

ಹೊರಡುವಾಗ ವಧುವಿನ ತಾಯಿ ದೀಪದ ಪೆಟ್ಟಿಗೆಯನ್ನು ಹಿಂದಕ್ಕೆ ತಂದರು. ಮಾವ ಕೈ ಅಡ್ಡ ಹಿಡಿದರು. ‘ಕೊಟ್ಟಿದ್ದು ಸರಿಯಾಗೇ ಇದೆ. ಬಂದಿದ್ದು ಮಾತ್ರ ತಪ್ಪು.’ ಅದನ್ನು ಎಷ್ಟು ಸಲೀಸಾಗಿ ಹೇಳಿದರೆಂದರೆ ಅತ್ತೆ ನನ್ನನ್ನು ಚಿವುಟಿದರು.

ಸರಿಯಾದ ಮದುವೆ ಮುಂದಿನ ಗೇಟಿನಲ್ಲೇ ಇತ್ತು. ನಡೆದೇ ಹೊರಟೆವು. ಬಿಸಿಲು ಹಿತವಾಗಿತ್ತು, ರಸ್ತೆಯಲ್ಲೆಲ್ಲ ಚೆಂಡುಹೂವಿನ ಎಸಳು. ಹತ್ತು ಹೆಜ್ಜೆ ಹಾಕಿರಲಿಲ್ಲ, ಮಾವ ತಟ್ಟನೆ ಹೇಳಿದರು: ‘ನೋಡೇ, ಆವತ್ತು ಹರಿದ್ವಾರಕ್ಕೆ ಹೋಗುವಾಗ ಟ್ರೇನು ತಪ್ಪಿತಲ್ಲ. ಅನೌನ್ಸ್‌ಮೆಂಟ್ ಸರಿಯಾಗೇ ಮಾಡಿದ್ದರು. ನಾನೇ ನಿಮ್ಮನ್ನ ತಪ್ಪು ಪ್ಲಾಟ್‌ಫಾರಮ್ಮಿಗೆ ಕರ್ಕೊಂಡು ಹೋದೆ.’

ಅತ್ತೆ ರಸ್ತೆಯ ಮಧ್ಯೆ ನಿಂತುಬಿಟ್ಟರು. ಹಿಂದಿನಿಂದ ಒಂದು ಕಾರು ಹಾರನ್ ಹೊಡೆಯಿತು.

‘ಕಾಫಿಗೆ ಉಪ್ಪು ಹಾಕ್ಕೊಂಡಿದ್ದೂ ನೋಡದೇನೇ’ ಎಂದು ಮಾವ ಮುಂದುವರಿಸಿದರು. ಕಟ್ಟೆ ಒಡೆದ ನೀರಿನಂತೆ ಬರುತ್ತಿತ್ತು. ‘ಬಾಯೆಲ್ಲ ಉರಿದುಹೋಯ್ತು. ಮತ್ತೆ, ನಮ್ಮ ಮಗನ ಮದುವೆ ಮಾತುಕತೆಯಲ್ಲಿ, ಈ ಹುಡುಗಿ ಮುಂಗೋಪಿ ಥರ ಕಾಣ್ತಾಳೆ, ಬೇಡ ಅಂದಿದ್ದೆ. ಅದೂ ತಪ್ಪು.’

‘ಯಾವ ಹುಡುಗಿ?’ ಎಂದೆ.

ಮಾವ ನನ್ನತ್ತ ನೋಡಿದರು. ಅತ್ತೆ ಆಕಾಶ ನೋಡಿದರು. ನನಗೆ ಆ ಸಂಗತಿ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಸಿಟ್ಟು ಬರಬೇಕಿತ್ತು. ಬಂದಿದ್ದರೆ ಅವರು ಅಂದದ್ದೇ ನಿಜವಾಗುತ್ತಿತ್ತು. ಆ ಯೋಚನೆ ಬಂದದ್ದೇ ನಾನು ರಸ್ತೆಬದಿಯ ಕಲ್ಲಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಮಗಳು ನನ್ನ ಬೆನ್ನು ತಟ್ಟಿದಳು.

ಮುಂದಿನ ಗೇಟಿನಲ್ಲಿ ಗಂಡಸರಿಗೆಲ್ಲ ಹಳದಿ ಪೇಟ. ಅವರ ನಡುವೆ ಮಾವ ಒಬ್ಬರೇ ಗುಲಾಬಿ. ಬಾಗಿಲಲ್ಲಿದ್ದ ನನ್ನ ಗಂಡ ಅಪ್ಪನ ಪರವಾಗಿ ಸಮಜಾಯಿಷಿ ಹೇಳಲು ತಯಾರಾಗಿಯೇ ನಿಂತಿದ್ದರು, ಹುಟ್ಟಿದಾಗಿನಿಂದ ಮಾಡಿಕೊಂಡು ಬಂದ ಕೆಲಸ ಅದು. ಮಾವ ಅವಕಾಶವನ್ನೇ ಕೊಡಲಿಲ್ಲ. ನೇರ ಹಳೆಯ ಮಿತ್ರರ ಮುಂದೆ ಹೋಗಿ, ಬಾಗಿಲಲ್ಲಿ ತಲೆ ತಗ್ಗಿಸಬೇಕಾದಷ್ಟೇ ಎತ್ತರವಿದ್ದ ಆ ಮನುಷ್ಯನನ್ನು ತಬ್ಬಿಕೊಂಡು, ನಡೆದದ್ದೆಲ್ಲ ಹೇಳಿದರು. ದೀಪ ಯಾರದೋ ಪಾಲಾದದ್ದನ್ನೂ ಹೇಳಿದರು. ಮಿತ್ರರು ಮೊದಲು ನಕ್ಕು, ಆಮೇಲೆ ನಿಜವಾಗಿಯೂ ಮುನಿಸಿಕೊಂಡರು. ‘ಇಷ್ಟು ವರ್ಷ ಎದುರುಗಡೆ ಕೂತೆ. ಒಂದು ದಿನ ನನ್ನ ಮುಂದೆ ಗಲ್ತೀ ಅನ್ನಲಿಲ್ಲ. ಅದನ್ನು ಹೋಗಿ ಪಕ್ಕದ ಮದುವೆಯಲ್ಲಿ ಹೇಳಿ ಬಂದೆಯಾ?’

ಆ ಮುನಿಸು ತೀರಲು ಮಾವ ಕಚೇರಿ ಕಾಲದ ಎರಡು ಮೂರು ತಪ್ಪುಗಳನ್ನು ಅಲ್ಲೇ ಒಪ್ಪಿಕೊಳ್ಳಬೇಕಾಯಿತು.

ಮನೆಗೆ ಬಂದ ಮೇಲೂ ಅದು ನಿಲ್ಲಲಿಲ್ಲ. ಹೊಸದಾಗಿ ಸೈಕಲ್ ಕಲಿತ ಮಗುವಿನಂತೆ ದಿನವಿಡೀ ಅದೇ. ಹಾಲಿನ ಬೂತಿನವನಿಗೆ, ‘ಭಯ್ಯಾ, ಹೋದ ವಾರ ಹಾಲು ಒಡೆದಿದೆ ಅಂತ ಜಗಳ ಆಡಿದೆನಲ್ಲ, ನಮ್ಮ ಪಾತ್ರೆ ತೊಳೆದಿರಲಿಲ್ಲ’ ಎಂದು ಹೇಳಿ ಬಂದರು. ಅವನು ಗಾಬರಿಯಾಗಿ ಒಂದು ಮೊಸರಿನ ಪೊಟ್ಟಣ ಕೊಟ್ಟು ಕಳಿಸಿದ. ಮೈಸೂರಿನ ತಮ್ಮನಿಗೆ ಫೋನ್ ಮಾಡಿ, ಚಿಕ್ಕಂದಿನಲ್ಲಿ ಕೇರಂ ಆಟದಲ್ಲಿ ರಾಣಿಯನ್ನು ಬೆರಳಿನಿಂದ ತಳ್ಳಿದ್ದು ತಾನೇ ಎಂದರು. ಆ ಕಡೆಯಿಂದ ಚಿಕ್ಕಮಾವ, ‘ಅಣ್ಣಾ, ಹುಷಾರಾಗಿದ್ದೀಯಾ? ಡಾಕ್ಟರಿಗೆ ತೋರಿಸಿದ್ರಾ?’ ಎಂದು ಕೇಳಿದರಂತೆ.

ನನಗೂ ಅದರ ಗಾಳಿ ಸೋಕಿತು. ಒಂದು ಬೆಳಿಗ್ಗೆ ಕಚೇರಿಯ ಮೀಟಿಂಗಿನಲ್ಲಿ, ನಾನು ಬರೆದ ಟಿಪ್ಪಣಿಯ ಒಂದು ಅಂಶದ ಬಗ್ಗೆ ಪ್ರಶ್ನೆ ಬಂತು. ಎಂದಿನಂತೆ ಸುತ್ತಿ ಬಳಸಿ ಸಮರ್ಥಿಸಿಕೊಳ್ಳಲು ಬಾಯಿ ತೆರೆದವಳು, ‘ಸರ್, ಅದು ನನ್ನ ತಪ್ಪು ತಿಳಿವಳಿಕೆ, ಸರಿಮಾಡಿ ಕೊಡ್ತೀನಿ’ ಎಂದುಬಿಟ್ಟೆ. ಮೇಲಧಿಕಾರಿ ವಾದಕ್ಕೆ ಸಿದ್ಧರಾಗಿ ಮುಂದಕ್ಕೆ ಬಾಗಿದ್ದವರು ಹಾಗೇ ಹಿಂದಕ್ಕೊರಗಿ, ‘ಅಚ್ಛಾ, ಚಲೋ’ ಎಂದು ಚಹಾ ತರಿಸಿದರು. ಅಷ್ಟೇ. ಅದು ಅಷ್ಟು ಸುಲಭವೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮೀಟಿಂಗಿನಿಂದ ಹೊರಬಂದಾಗ ಕಾರಿಡಾರಿನಲ್ಲಿ ಓಡಬೇಕೆನ್ನಿಸಿತು.

ತೊಂದರೆಯಾದದ್ದು ಅತ್ತೆಗೆ. ಮೊದಮೊದಲು ಮಾವನ ಒಂದೊಂದು ಒಪ್ಪಿಗೆಯನ್ನೂ ಹಬ್ಬದ ಸಿಹಿಯಂತೆ ಚಪ್ಪರಿಸಿದರು. ಬರಬರುತ್ತಾ ಮಂಕಾದರು. ಒಂದು ಮಧ್ಯಾಹ್ನ ಅಂಗಳದ ಬಿಸಿಲಿನಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತಾ ನನಗೆ ಹೇಳಿದರು: ‘ನಾನು ಏನಾದರೂ ಅನ್ನೋ ಮೊದಲೇ ಹೌದು ಕಣೇ, ನನ್ನದೇ ತಪ್ಪು ಅಂತಾರೆ. ಇಷ್ಟು ವರ್ಷ ಸರಿಯಾಗಿದ್ದವಳು ನಾನು. ಈಗ ಸರಿಯಾಗಿದ್ದು ಏನು ಬಂತು?’

ಮಾವ ಅಲ್ಲೇ ಪೇಪರ್ ಓದುತ್ತಿದ್ದರು. ಅಂದು ಶನಿವಾರ, ನನ್ನ ಗಂಡನೂ ಮನೆಯಲ್ಲಿದ್ದು ಅಂಗಳದ ಬಾಗಿಲಾಚೆ ಮಗಳ ಜೊತೆ ಬ್ಯಾಡ್ಮಿಂಟನ್ ಆಡುತ್ತಿದ್ದರು. ಅತ್ತೆ ಒಂದಷ್ಟು ಕಡ್ಡಿ ಮುರಿದು, ಎಲೆಗಳನ್ನು ಬುಟ್ಟಿಗೆ ಹಾಕಿ, ಮಾವನ ಕಡೆ ನೋಡದೆಯೇ ಹೇಳಿದರು: ‘ರೀ, ನನ್ನದೂ ಒಂದಿದೆ.’

ಪೇಪರ್ ಕೆಳಗಿಳಿಯಿತು.

‘ಇವನು ಮಾತು ಕಲಿತಾಗ ಮೊದಲು ಅಂದದ್ದು ಅಮ್ಮ ಅಂತ ಎಲ್ಲರಿಗೂ ಹೇಳ್ಕೊಂಡು ಬಂದೆ. ಅದಲ್ಲ. ನಾನು ತಟ್ಟೆ ಹಿಡ್ಕೊಂಡು ಬಂದಾಗ, ನೀವು ಪಕ್ಕದಲ್ಲೇ ಕೂತಿದ್ದಿರಿ. ಅಪ್ಪ ಅಂದ. ನಾನು ಕೇಳಿಸಿಕೊಂಡೆ.’

ಮಾವ ಕನ್ನಡಕ ತೆಗೆದರು. ಅತ್ತೆ ಸೊಪ್ಪಿನಿಂದ ಕಣ್ಣೆತ್ತಲಿಲ್ಲ. ಆ ಬಿಸಿಲಿನಲ್ಲಿ ಅವರ ಮುಖ ಹುಡುಗಿಯ ಮುಖದ ಹಾಗೆ ಕೆಂಪಾಗಿತ್ತು. ನಾನು ಎದ್ದು ಒಳಗೆ ಹೋಗಬೇಕೇ ಬೇಡವೇ ಎಂದು ಯೋಚಿಸುತ್ತಿದ್ದೆ.

‘ನನಗೂ ಕೇಳಿಸಿತ್ತು’ ಎಂದರು ಮಾವ. ‘ಎಷ್ಟೋ ದಿನ ಅದೇ ಖುಷಿಯಲ್ಲಿದ್ದೆ. ಆದರೆ ನೀನು ಅಂದದ್ದೂ ತಪ್ಪು, ನಾನು ಅಂದ್ಕೊಂಡಿದ್ದೂ ತಪ್ಪು ಕಣೇ.’

‘ಅಂದರೆ?’

‘ಆ ತಟ್ಟೆಯಲ್ಲಿ ಏನಿತ್ತು ಹೇಳು.’

ಅತ್ತೆ ಕೈಯಲ್ಲಿನ ಕಡ್ಡಿ ಹಿಡಿದುಕೊಂಡೇ ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ಅವರ ಬಾಯಿ ಅರ್ಧ ತೆರೆಯಿತು. ‘ಹಪ್ಪಳ’ ಎಂದರು.

‘ಹೂಂ. ನನ್ನ ಮುಖ ನೋಡಿ ಅಂದದ್ದಲ್ಲ ಅವನು. ತಟ್ಟೆ ನೋಡಿ ಅಂದದ್ದು. ಕೊಟ್ಟ ಮೇಲೆ ಸುಮ್ಮನಾದ.’

ಅತ್ತೆಯ ಮಡಿಲಿನ ಸೊಪ್ಪೆಲ್ಲ ಚೆಲ್ಲಿತು. ಮಾವ ಕುರ್ಚಿಯ ಕೈ ಹಿಡಿದುಕೊಂಡು ನಕ್ಕರು, ನಾನು ಗೋಡೆ ಹಿಡಿದುಕೊಂಡೆ. ನನ್ನ ಗಂಡ ರ‍್ಯಾಕೆಟ್ ಹಿಡಿದು ಬಾಗಿಲ ಬಳಿ ಬಂದು, ‘ಏನಾಯ್ತು, ಯಾಕೆ ಎಲ್ಲ ನನ್ನ ಮುಖ ನೋಡಿ ನಗ್ತಿದ್ದೀರಿ?’ ಎಂದು ಕೇಳಿದರು. ಹೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಅತ್ತೆ ಕಣ್ಣೊರೆಸಿಕೊಳ್ಳುತ್ತಾ, ಮಗನನ್ನು ಕೈಸನ್ನೆಯಲ್ಲಿ ಹತ್ತಿರ ಕರೆದು, ತಲೆ ಸವರಿ, ಹಪ್ಪಳ ಕರಿಯಲು ಒಳಗೆ ಹೋದರು.